ಗೊತ್ತಿಲ್ಲದ ಏರ್‌ಪೋರ್ಟ್‌ನಲ್ಲಿ ಮುಂದಿನ ಫ್ಲೈಟ್ ಹಿಡಿಯೋದು ಹೇಗೆ: ಮುಂಬೈ, ಪುಣೆ, ಗೋವಾದಿಂದ ಹೊರಡೋ ನಮ್ಮವರಿಗೆ

ಡೊಂಬಿವಿಲಿ, ಮುಲುಂಡ್, ನೆರೂಲ್, ಆ ಕಡೆ ಪುಣೆಯ ಹಡಪ್ಸರ್, ಎಲ್ಲೇ ನೋಡಿ, ನಮ್ಮ ಕನ್ನಡದವರ ಮನೇಲಿ ಮಗನೋ ಮಗಳೋ ಹೊರದೇಶದಲ್ಲಿದ್ರೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರತ್ತೆ: ಡೈರೆಕ್ಟ್ ಫ್ಲೈಟ್ ರೇಟು ಜಾಸ್ತಿ, ದುಬೈನಲ್ಲೋ ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಬದಲಾಯಿಸಿ ಹೋಗ್ಬೇಕು, ಅಲ್ಲಿ ಯಾರೂ ಗೊತ್ತಿಲ್ಲ, ತಪ್ಪಿಸ್ಕೊಂಡ್ರೆ ಏನ್ ಗತಿ. ಭಯ ಪಡೋ ಅಂಥದ್ದು ಏನಿಲ್ಲ ಸ್ವಾಮಿ. ದಾದರ್‌ನಲ್ಲಿ ಸೆಂಟ್ರಲ್ ಇಳಿದು ವೆಸ್ಟರ್ನ್ ಲೋಕಲ್ ಹಿಡಿಯೋಕೆ ಬರೋರಿಗೆ ಇದೂ ಬರತ್ತೆ, ಬೋರ್ಡ್ ನೋಡು, ಬ್ರಿಡ್ಜ್ ಹತ್ತು, ಪ್ಲಾಟ್‌ಫಾರ್ಮ್ ಹುಡುಕು ಅಷ್ಟೇ, ಆದ್ರೆ ಇಲ್ಲಿ ಒಂದು ಗಾಡಿ ಹೋದ್ರೆ ಇನ್ನೊಂದು ನಾಲ್ಕು ನಿಮಿಷಕ್ಕೆ ಬರಲ್ಲ, ಅದಕ್ಕೇ ಸ್ವಲ್ಪ ತಯಾರಿ ಬೇಕು. ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ, ಕನೆಕ್ಷನ್ ಸಿಗೋದು ತಪ್ಪೋದು ಹೆಚ್ಚಾಗಿ ಆ ಏರ್‌ಪೋರ್ಟ್‌ನಲ್ಲಿ ನೀವು ಎಷ್ಟು ಜೋರಾಗಿ ಓಡ್ತೀರಿ ಅನ್ನೋದರ ಮೇಲೆ ಇಲ್ಲ, ಮನೇಲಿ ಕೂತು ಟಿಕೆಟ್ ಯಾವ ಥರ ತಗೊಂಡ್ರಿ ಅನ್ನೋದರ ಮೇಲೆ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಟಿಕೆಟ್ ತಗೊಳ್ಳೋವಾಗ

ಎರಡೂ ಫ್ಲೈಟ್ ಒಂದೇ ಪಿಎನ್‌ಆರ್‌ನಲ್ಲಿ ಇರ್ಬೇಕು. ಇದೊಂದು ಸರಿ ಇದ್ರೆ ಅರ್ಧ ಚಿಂತೆ ಮುಗೀತು. ಒಂದೇ ಬುಕಿಂಗ್ ಆದ್ರೆ ನಿಮ್ಮ ಲಗೇಜು ಸಾಮಾನ್ಯವಾಗಿ ಮುಂಬೈನಲ್ಲಿ ಹಾಕಿದ್ದು ನೇರ ಕೊನೇ ಊರಿಗೆ ಹೋಗತ್ತೆ, ಮೊದಲ ಫ್ಲೈಟ್ ಲೇಟಾಗಿ ಎರಡನೇದು ತಪ್ಪಿದ್ರೆ ಮುಂದಿನ ಫ್ಲೈಟ್‌ನಲ್ಲಿ ಸೀಟು ಕೊಡೋದು ಏರ್‌ಲೈನ್ ಜವಾಬ್ದಾರಿ, ನೀವು ಹೊಸ ಟಿಕೆಟ್ ದುಡ್ಡು ಕೊಡೋ ಹಾಗಿಲ್ಲ. ಅದೇ ಬೇರೆ ಬೇರೆ ಎರಡು ಟಿಕೆಟ್ ಆದ್ರೆ ಎರಡನೇ ಏರ್‌ಲೈನ್‌ಗೆ ನೀವು ಟೈಮಿಗೆ ಬರದೇ ಇರೋ ಪ್ಯಾಸೆಂಜರ್, ಕಥೆ ಅಷ್ಟೇ, ದುಡ್ಡು ಹೋಯ್ತು. ಆನ್‌ಲೈನ್‌ನಲ್ಲಿ ತುಂಬಾ ಕಡಿಮೆ ರೇಟ್ ಕಂಡ್ರೆ ಕೆಳಗೆ ಸಣ್ಣ ಅಕ್ಷರದಲ್ಲಿ ಸೆಲ್ಫ್ ಟ್ರಾನ್ಸ್‌ಫರ್ ಅಂತ ಬರೆದಿರತ್ತಾ ನೋಡಿ. ಹಾಗಂದ್ರೆ ಮಧ್ಯದ ಊರಲ್ಲಿ ನೀವೇ ಇಮಿಗ್ರೇಷನ್ ದಾಟಿ ಹೊರಗೆ ಬಂದು, ಬೆಲ್ಟ್‌ನಿಂದ ಬ್ಯಾಗ್ ಎತ್ಕೊಂಡು, ಮತ್ತೆ ಚೆಕ್‌ಇನ್ ಮಾಡಿ, ಮತ್ತೆ ಸೆಕ್ಯೂರಿಟಿ ದಾಟ್ಬೇಕು, ಹೊರಗೆ ಬರೋಕೆ ಆ ದೇಶದ ವೀಸಾನೂ ಬೇಕಾಗ್ಬಹುದು. ಮೊದಲ ಸಲ ಹೋಗೋರು ಅದರ ತಂಟೆಗೇ ಹೋಗ್ಬೇಡಿ, ಉಳಿಯೋ ದುಡ್ಡಿಗೂ ಆಗೋ ಫಜೀತಿಗೂ ಲೆಕ್ಕ ಕೂಡಲ್ಲ.

ಇಳಿಯೋ ಏರ್‌ಪೋರ್ಟೂ ಮತ್ತೆ ಹತ್ತೋ ಏರ್‌ಪೋರ್ಟೂ ಒಂದೇನಾ ಅಂತ ನೋಡ್ಕೊಳ್ಳಿ. ಊರ ಹೆಸರು ಒಂದೇ ಇದ್ದ ಮಾತ್ರಕ್ಕೆ ಆಗಲ್ಲ. ಲಂಡನ್ ಅಂದ್ರೆ ಹೀಥ್ರೂನೂ ಇದೆ ಗ್ಯಾಟ್‌ವಿಕ್ಕೂ ಇದೆ, ಇಸ್ತಾಂಬುಲ್‌ನಲ್ಲಿ ಎರಡು, ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಒಂದು ಡಾನ್ ಮುಯಾಂಗ್ ಇನ್ನೊಂದು, ಟೋಕಿಯೋದಲ್ಲಿ ನರಿಟಾ ಮತ್ತೆ ಹನೇಡಾ. ಅಷ್ಟು ದೂರ ಯಾಕೆ, ನಮ್ಮ ಗೋವಾನೇ ನೋಡಿ, 2023ರ ಜನವರಿಯಿಂದ ಮೋಪಾ ಬೇರೆ, ವಾಸ್ಕೋ ಹತ್ರದ ದಾಬೋಲಿಂ ಬೇರೆ, ಒಂದಕ್ಕೆ ಜಿಓಎಕ್ಸ್ ಇನ್ನೊಂದಕ್ಕೆ ಜಿಓಐ ಅಂತ ಕೋಡು, ಒಂದು ಉತ್ತರದ ತುದೀಲಿ ಇನ್ನೊಂದು ಕೆಳಗೆ. ಈಗ ಮುಂಬೈಗೂ ನವಿ ಮುಂಬೈ ಏರ್‌ಪೋರ್ಟ್ ಸೇರ್ಕೊಂಡಿದೆ, ಡೊಮೆಸ್ಟಿಕ್‌ನಲ್ಲಿ ಬಂದು ಇಂಟರ್‌ನ್ಯಾಷನಲ್ ಹಿಡಿಯೋರು ಟಿಕೆಟ್ ಮೇಲೆ ಬಿಓಎಂ (ಹಳೇ ಮುಂಬೈ ಏರ್‌ಪೋರ್ಟ್) ಇದೆಯಾ ಎನ್‌ಎಂಐ (ನವಿ ಮುಂಬೈ) ಇದೆಯಾ ಅಂತ ಕಣ್ಣಿಟ್ಟು ಓದ್ಬೇಕು.

ಮಧ್ಯದಲ್ಲಿ ಎಷ್ಟು ಹೊತ್ತು ಇರ್ಬೇಕು ಅಂತ ಎಲ್ಲರೂ ಕೇಳ್ತಾರೆ. ಪ್ರತಿ ಏರ್‌ಪೋರ್ಟಿಗೂ ಕನಿಷ್ಠ ಇಷ್ಟು ನಿಮಿಷ ಬೇಕು ಅಂತ ಒಂದು ಲೆಕ್ಕ ಇದೆ, ಅದಕ್ಕಿಂತ ಕಡಿಮೆ ಇದ್ರೆ ಏರ್‌ಲೈನ್ ಸಿಸ್ಟಮ್ ಆ ಟಿಕೆಟ್ ಮಾರೋದೇ ಇಲ್ಲ. ಆದ್ರೆ ಅದು ಎಲ್ಲಾ ಸರಿಯಾಗಿ ನಡೆದಾಗಿನ ಲೆಕ್ಕ, ಮಂಡಿನೋವಿರೋ ಅಮ್ಮನ ಲೆಕ್ಕ ಅಲ್ಲ. ನನ್ನ ಸಲಹೆ, ಮೊದಲ ಸಲ ಅಂದ್ರೆ ಎರಡೂವರೆಯಿಂದ ನಾಲ್ಕು ಗಂಟೆ ಇರ್ಲಿ, ಒಂದೂಕಾಲು ಗಂಟೆ ಲೇಓವರ್ ಒಂದೇ ಪಿಎನ್‌ಆರ್‌ನಲ್ಲಿ ಇದ್ರೂ ಬೇಡ. ಹತ್ತು ಹನ್ನೆರಡು ಗಂಟೆದೂ ಬೇಡ, ಕುರ್ಚಿ ಮೇಲೆ ತೂಕಡಿಸಿ ನಿದ್ದೆ ಹತ್ತಿ ಗೇಟ್ ಮುಂದೇನೇ ಫ್ಲೈಟ್ ಬಿಟ್ಕೊಂಡೋರೂ ಇದಾರೆ.

ಇನ್ನೊಂದು ವಿಷ್ಯ, ಇದು ಗೋವಾ ಪುಣೆಯೋರಿಗೆ. ನಿಮ್ಮ ಟಿಕೆಟ್ ಗೋವಾದಿಂದ ಮುಂಬೈ, ಮುಂಬೈಯಿಂದ ಲಂಡನ್ ಅಂತ ಇದ್ರೆ ಮೊದಲ ತುಂಡನ್ನ ಬಿಟ್ಟು ಮಡಗಾಂವ್‌ನಿಂದ ಕೊಂಕಣ ರೈಲಲ್ಲಿ ಬಂದು ಮುಂಬೈನಲ್ಲಿ ಹತ್ಕೊಳ್ತೀನಿ ಅನ್ನೋದು ನಡೆಯಲ್ಲ. ಮೊದಲ ಫ್ಲೈಟ್‌ಗೆ ನೀವು ಬರಲಿಲ್ಲ ಅಂದ್ರೆ ಉಳಿದದ್ದೆಲ್ಲ, ವಾಪಸ್ ಬರೋ ಟಿಕೆಟ್ ಸಮೇತ, ಕ್ಯಾನ್ಸಲ್ ಆಗ್ಬಿಡತ್ತೆ. ಹಾಗೆ ಬರೋ ಯೋಚನೆ ಇದ್ರೆ ಮುಂಚೇನೇ ಏರ್‌ಲೈನ್‌ಗೆ ಫೋನ್ ಮಾಡಿ ಟಿಕೆಟ್ ಬದಲಾಯಿಸ್ಕೊಳ್ಳಿ.

ಏರ್‌ಪೋರ್ಟ್ ಒಳಗೇ ಇರ್ತೀನಿ, ವೀಸಾ ಯಾಕೆ ಅಂತ ಕೇಳ್ಬೇಡಿ

ಕೆಲವು ದೇಶಕ್ಕೆ ಬೇಕು. ಒಂದೇ ಟಿಕೆಟ್‌ನಲ್ಲಿ ದುಬೈ, ಅಬುಧಾಬಿ, ದೋಹಾ, ಸಿಂಗಪುರದಲ್ಲಿ ಹೊರಗೆ ಹೋಗದೆ ಒಳಗಿಂದೊಳಗೆ ಬದಲಾಯಿಸೋಕೆ ನಮಗೆ ವೀಸಾ ಬೇಡ, ಅದಕ್ಕೇ ಮೊದಲ ಸಲ ಹೋಗೋರಿಗೆ ಗಲ್ಫ್ ದಾರಿ ಸುಲಭ ಅಂತ ನಾನು ಹೇಳೋದು. ಬ್ರಿಟನ್‌ನಲ್ಲಿ ಇಮಿಗ್ರೇಷನ್ ದಾಟದೇ ಇದ್ರೂ ಭಾರತದ ಪಾಸ್‌ಪೋರ್ಟಿಗೆ ಟ್ರಾನ್ಸಿಟ್ ವೀಸಾ ಕೇಳ್ತಾರೆ, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವೀಸಾ ಇರೋರಿಗೆ ವಿನಾಯ್ತಿ ಇದೆ, ಷರತ್ತುಗಳನ್ನ ಅವರ ಸರ್ಕಾರದ ಸೈಟ್‌ನಲ್ಲಿ ಓದ್ಕೊಳ್ಳಿ. ಅಮೆರಿಕದಲ್ಲಿ ಟ್ರಾನ್ಸಿಟ್ ಅನ್ನೋ ಸುಖಾನೇ ಇಲ್ಲ, ಮೆಕ್ಸಿಕೋಗೆ ಹೋಗ್ತಾ ಎರಡು ಗಂಟೆ ನಿಂತ್ರೂ ಅಮೆರಿಕದ ವೀಸಾ ಬೇಕು. ಯುರೋಪಿನ ನಿಯಮ ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗತ್ತೆ, ಹಾಗಾಗಿ ಪಕ್ಕದ ಮನೆಯೋರು ಹೋದ ವರ್ಷ ಹೋಗಿದ್ರು ಅನ್ನೋದನ್ನ ನಂಬ್ಕೊಂಡು ಟಿಕೆಟ್ ತಗೊಳ್ಬೇಡಿ, ದುಡ್ಡು ಕಟ್ಟೋ ಮುಂಚೆ ಆ ದೇಶದ ಎಂಬಸಿ ಸೈಟ್ ನೋಡಿ. ವೀಸಾ ಇಲ್ಲ ಅಂದ್ರೆ ನಿಮ್ಮನ್ನ ತಡೆಯೋದು ಫ್ರಾಂಕ್‌ಫರ್ಟ್‌ನಲ್ಲಿ ಅಲ್ಲ, ಮುಂಬೈ ಸಹಾರ್ ಏರ್‌ಪೋರ್ಟಿನ ಚೆಕ್‌ಇನ್ ಕೌಂಟರ್‌ನಲ್ಲೇ.

ಯುರೋಪಿನಲ್ಲಿ ಇನ್ನೊಂದು ಗಮನಿಸಿ. ಮುಂಬೈ, ಫ್ರಾಂಕ್‌ಫರ್ಟ್, ವಿಯೆನ್ನಾ ಅಂತ ಹೋಗ್ತಿದ್ರೆ ಇಮಿಗ್ರೇಷನ್ ಆಗೋದು ಫ್ರಾಂಕ್‌ಫರ್ಟ್‌ನಲ್ಲಿ, ಯಾಕಂದ್ರೆ ಷೆಂಗೆನ್ ಅಂತ ಒಟ್ಟಿಗೆ ಸೇರಿರೋ ಯುರೋಪಿನ ದೇಶಗಳಿಗೆಲ್ಲ ಬಾಗಿಲು ಒಂದೇ, ಮೊದಲು ಇಳಿದ ಕಡೆ ಪಾಸ್‌ಪೋರ್ಟ್ ಕಂಟ್ರೋಲ್. 2025ರ ಅಕ್ಟೋಬರ್‌ನಿಂದ ಅಲ್ಲಿ ಹೊಸ ವ್ಯವಸ್ಥೆ ಬಂದಿದೆ, ಬೆರಳಚ್ಚು ಫೋಟೋ ಎಲ್ಲ ತಗೋತಾರೆ, ಮೊದಲ ಸಲ ಹೋಗೋರಿಗೆ ಟೈಮ್ ಹಿಡಿಯತ್ತೆ, ಅಂಥ ಕನೆಕ್ಷನ್‌ಗೆ ಇನ್ನೊಂದು ಗಂಟೆ ಸೇರಿಸಿ ಇಟ್ಕೊಳ್ಳಿ. ಫ್ರಾಂಕ್‌ಫರ್ಟ್‌ನಿಂದ ಅಮೆರಿಕಕ್ಕೆ ಹೋಗೋರಿಗೆ ಈ ಕ್ಯೂ ಇಲ್ಲ.

ಬ್ಯಾಗ್ ಕಟ್ಟೋವಾಗ

ಮಾಟುಂಗಾದಲ್ಲಿ ಖರೀದಿ ಮಾಡೋವಾಗಲೇ ಯೋಚನೆ ಮಾಡಿ. ನಮ್ಮವರು ಮಗಳ ಮನೆಗೆ ಹೋಗೋದು ಅಂದ್ರೆ ಅರ್ಧ ಬ್ಯಾಗ್ ಅಡುಗೆಮನೆ ಸಾಮಾನೇ ಇರತ್ತೆ. ಒಣ ಕೊಬ್ಬರಿ ಚೆಕ್‌ಇನ್ ಬ್ಯಾಗ್‌ನಲ್ಲಿ ಬಿಡಲ್ಲ, ಎಣ್ಣೆ ಅಂಶದಿಂದ ಬೆಂಕಿ ಹತ್ಕೊಳ್ಳೋ ವಸ್ತು ಅಂತ 2022ರಲ್ಲಿ ನಿಷೇಧದ ಪಟ್ಟಿಗೆ ಸೇರಿಸಿದಾರೆ, ಸ್ಕ್ರೀನಿಂಗ್‌ನಲ್ಲಿ ಸಿಕ್ಕಿದ್ರೆ ಬ್ಯಾಗ್ ತೆಗೆಸಿ ನಿಮ್ಮನ್ನ ಕರೆಸ್ತಾರೆ. ಗಸಗಸೆ ಗಲ್ಫ್ ಕಡೆ ಹೋಗೋರು ಒಂದು ಚಮಚಾನೂ ತಗೊಂಡ್ಹೋಗ್ಬೇಡಿ. ಯುಎಇಯಲ್ಲಿ ಅದು ಮಾದಕ ಪದಾರ್ಥದ ಲೆಕ್ಕ, ದುಬೈನಲ್ಲಿ ಬರೀ ಬದಲಾಯಿಸಿ ಹೋಗ್ತಿದೀನಿ ಅನ್ನೋ ಮಾತು ಅಲ್ಲಿ ಕೇಳಲ್ಲ, ಮಸಾಲೆಪುಡಿಯಲ್ಲಿ ಸೇರಿಸಿದ್ರೂ ಬಿಡಿ. ಮಾತ್ರೆಗಳದ್ದೂ ಹಾಗೇ, ನಮ್ಮಲ್ಲಿ ಸುಲಭವಾಗಿ ಸಿಗೋ ಕೆಲವು ನೋವಿನ ಮಾತ್ರೆ, ಕೊಡೀನ್ ಇರೋ ಕೆಮ್ಮಿನ ಸಿರಪ್ ಅಲ್ಲಿ ಕಂಟ್ರೋಲ್ ಲಿಸ್ಟ್‌ನಲ್ಲಿವೆ, ಡಾಕ್ಟರ್ ಚೀಟಿ ಇಂಗ್ಲಿಷ್‌ನಲ್ಲಿ ಇರೋದನ್ನ ಮಾತ್ರೆ ಜೊತೆಗೇ ಇಡಿ.

ಕೈಚೀಲದಲ್ಲಿ ಉಪ್ಪಿನಕಾಯಿ, ತುಪ್ಪ, ಮೊಸರು, ಚಟ್ನಿ, ಕೊಬ್ಬರಿ ಎಣ್ಣೆ ಯಾವುದೂ ಬೇಡ, ಇದೆಲ್ಲ ಅವರ ಲೆಕ್ಕದಲ್ಲಿ ದ್ರವ, 100 ಮಿಲಿಗಿಂತ ದೊಡ್ಡ ಡಬ್ಬಿ ಸೆಕ್ಯೂರಿಟಿ ದಾಟಲ್ಲ. ಮುಂಬೈನಲ್ಲಿ ದಾಟಿದ್ರೂ ಮಧ್ಯದ ಏರ್‌ಪೋರ್ಟ್‌ನಲ್ಲಿ ಮತ್ತೆ ಚೆಕ್ ಆಗತ್ತೆ, ಅಲ್ಲಿ ಎಸೀತಾರೆ, ಅದಕ್ಕಿಂತ ಕೆಟ್ಟದ್ದು ಏನಂದ್ರೆ ನಿಮ್ಮ ಬ್ಯಾಗ್ ಪಕ್ಕಕ್ಕೆ ಇಟ್ಟು ಹದಿನೈದು ನಿಮಿಷ ತಿಂದುಬಿಡ್ತಾರೆ. ಚಪಾತಿ, ಚಕ್ಕುಲಿ, ಅವಲಕ್ಕಿ ಚೂಡಾ ಥರದ್ದು ಆರಾಮಾಗಿ ಹೋಗತ್ತೆ. ಮುಂಬೈ ಡ್ಯೂಟಿಫ್ರೀನಲ್ಲಿ ಬಾಟ್ಲಿ ತಗೊಂಡ್ರೆ ಅವರು ಸೀಲ್ ಮಾಡಿ ಕೊಡೋ ಚೀಲ ಬಿಚ್ಚಬಾರದು, ರಸೀದಿ ಒಳಗೇ ಕಾಣ್ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರ್ಬೇಕು, ಚೆಕ್‌ಇನ್‌ನಲ್ಲಿ ಹಾಕೋ ಹಾಗಿಲ್ಲ. ವಿಮಾನದಲ್ಲಿ ಅದರಿಂದ ಚಾರ್ಜ್ ಮಾಡೋದನ್ನ ಎಮಿರೇಟ್ಸ್‌ನವರು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದಾರೆ, ಬೇರೆಯವರೂ ನಿಲ್ಲಿಸ್ತಿದಾರೆ, ಹಾಗಾಗಿ ಮನೆ ಬಿಡೋವಾಗಲೇ ಫೋನ್ ಫುಲ್ ಚಾರ್ಜ್ ಇರ್ಲಿ.

ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ, ಶಾಲು, ಪಾಸ್‌ಪೋರ್ಟ್, ವೀಸಾ ಪ್ರಿಂಟ್, ಮಗನ ಮನೆ ವಿಳಾಸ ಇವೆಲ್ಲ ಕೈಚೀಲದಲ್ಲಿ. ಎಲ್ಲದರ ಸ್ಕ್ರೀನ್‌ಶಾಟ್ ಫೋನಲ್ಲೂ ಇರ್ಲಿ, ಯಾಕಂದ್ರೆ ಕೆಲವು ಏರ್‌ಪೋರ್ಟ್ ವೈಫೈ ಓಟಿಪಿ ಕೇಳತ್ತೆ, ರೋಮಿಂಗ್ ಆನ್ ಇಲ್ಲದ ನಮ್ಮ ಸಿಮ್‌ಗೆ ಆ ಓಟಿಪಿ ಬರಲ್ಲ, ಮೇಲ್ ತೆರೆಯಲ್ಲ, ಅಲ್ಲಿಗೆ ಟಿಕೆಟ್ ತೋರ್ಸೋಕೂ ಆಗಲ್ಲ.

ಇಂಗ್ಲಿಷ್ ಬರದ ಹಿರಿಯರು ಇಬ್ಬರೇ ಹೋಗ್ತಿದ್ರೆ ವೀಲ್‌ಚೇರ್ ಬುಕ್ ಮಾಡಿ, ಹೊರಡೋದಕ್ಕೆ ಕನಿಷ್ಠ 48 ಗಂಟೆ ಮುಂಚೆ ಏರ್‌ಲೈನ್‌ಗೆ ಹೇಳಿರ್ಬೇಕು. ನನಗೇನಾಗಿದೆ ನಾನು ನಡೀತೀನಿ ಅಂತ ಅಪ್ಪ ಜಗಳ ತೆಗೀತಾರೆ, ತೆಗೀಲಿ ಬಿಡಿ, ಮಂಡಿನೋವು ಬಿಪಿ ಶುಗರ್ ಇರೋರಿಗೆ ಅಷ್ಟುದ್ದ ನಡೆಯೋದು ನಿಜಕ್ಕೂ ಕಷ್ಟ. ಕಾಲು ಗಟ್ಟಿ ಇದೆ, ಬರೀ ಭಾಷೆ ತೊಂದ್ರೆ ಅನ್ನೋರು ಕುರ್ಚಿ ತಗೊಂಡು ನಿಜವಾಗಿ ಬೇಕಾದವರಿಗೆ ಕ್ಯೂ ಉದ್ದ ಮಾಡೋದು ಬೇಡ, ಅಂಥವರಿಗೆ ದುಡ್ಡು ಕೊಟ್ರೆ ಜೊತೆಗೆ ಬಂದು ಗೇಟಿಗೆ ಬಿಡೋ ಸರ್ವಿಸ್ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಇದೆ, ದುಬೈನಲ್ಲಿ ಅದಕ್ಕೆ ಮರ್ಹಬಾ ಅಂತಾರೆ. ಜೊತೆಗೆ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಇಂಗ್ಲಿಷ್‌ನಲ್ಲಿ ಬರೆದುಕೊಡಿ: ಇವರ ಹೆಸರು ಇದು, ಕನ್ನಡ ಸ್ವಲ್ಪ ಹಿಂದಿ ಬರತ್ತೆ, ಈ ಫ್ಲೈಟ್‌ನಲ್ಲಿ ಬಂದು ಈ ಫ್ಲೈಟ್ ಹಿಡೀಬೇಕು, ದಯವಿಟ್ಟು ಗೇಟ್ ತೋರಿಸಿ, ತೊಂದ್ರೆ ಆದ್ರೆ ಈ ನಂಬರಿಗೆ ಫೋನ್ ಮಾಡಿ, ನಂಬರ್ ಹಿಂದೆ ದೇಶದ ಕೋಡ್ ಸಮೇತ. ಗಲ್ಫ್ ಏರ್‌ಪೋರ್ಟ್‌ಗಳಲ್ಲಿ ಹಿಂದಿ, ಮಲಯಾಳಂ ಬರೋ ಸಿಬ್ಬಂದಿ ಧಾರಾಳ ಇರ್ತಾರೆ, ಅದೃಷ್ಟ ಇದ್ರೆ ನಮ್ಮ ಮಂಗಳೂರು ಉಡುಪಿ ಕಡೆಯೋರೇ ಸಿಗ್ತಾರೆ.

ಹೊರಡೋ ದಿನ

ಮುಂಬೈಯಿಂದ ಹೊರದೇಶಕ್ಕೆ ಬಹಳಷ್ಟು ಫ್ಲೈಟ್ ಮಧ್ಯರಾತ್ರಿ ದಾಟಿದ ಮೇಲೆ. 15ನೇ ತಾರೀಕು 2.30 ಅಂತ ಇದ್ರೆ ನೀವು ಮನೆ ಬಿಡೋದು 14ರ ಸಂಜೆ. ಇದನ್ನ ತಪ್ಪಾಗಿ ತಿಳ್ಕೊಂಡು 15ರ ರಾತ್ರಿ ಊಟ ಮಾಡಿ ಹೊರಟೋರ ಕಥೆಗಳು ಎಷ್ಟೋ ಇವೆ. ಆಕ್ವಾ ಲೈನ್ ಮೆಟ್ರೋಗೆ ಮುಂಬೈ ಏರ್‌ಪೋರ್ಟಿನ ಟಿ2, ಅಂದ್ರೆ ಟರ್ಮಿನಲ್ 2, ಹತ್ರಾನೇ ಸ್ಟೇಷನ್ ಇದೆ ನಿಜ, ಆದ್ರೆ ರಾತ್ರಿ ತಡವಾಗಿ ಹೋಗೋರಿಗೆ ಅದು ಸಿಗಲ್ಲ. ಪುಣೆಯೋರು ಎಕ್ಸ್‌ಪ್ರೆಸ್‌ವೇ ಘಾಟ್ ಜಾಮ್ ಲೆಕ್ಕ ಹಾಕಿ ಹೊರಡಿ, ಶುಕ್ರವಾರ ಭಾನುವಾರ ಆದ್ರೆ ಇನ್ನೂ ಬೇಗ.

ಕೌಂಟರ್‌ನಲ್ಲಿ ಎರಡೇ ಕೆಲಸ ನೆನಪಿಟ್ಕೊಳ್ಳಿ, ಹಿಂದೆ ಕ್ಯೂ ಉದ್ದ ಇದೆ ಅಂತ ನಾಚಿಕೆ ಪಡ್ಬೇಡಿ. ಒಂದು, ಎರಡೂ ಫ್ಲೈಟಿನ ಬೋರ್ಡಿಂಗ್ ಪಾಸ್ ಕೊಡಿ ಅಂತ ಕೇಳಿ. ಕೆಲವೊಮ್ಮೆ ಎರಡನೇದು ಕೊಡಲ್ಲ, ಹಾಗಾದ್ರೆ ಮಧ್ಯದ ಏರ್‌ಪೋರ್ಟಿನ ಟ್ರಾನ್ಸ್‌ಫರ್ ಡೆಸ್ಕ್‌ನಲ್ಲಿ ತಗೊಳ್ಬೇಕು ಅಂತ ಈಗಲೇ ಗೊತ್ತಿರತ್ತೆ. ಎರಡು, ಬ್ಯಾಗಿಗೆ ಸುತ್ತೋ ಟ್ಯಾಗ್ ಮೇಲೆ ದೊಡ್ಡದಾಗಿ ಮೂರಕ್ಷರ ಇರತ್ತೆ, ಅದು ನಿಮ್ಮ ಕೊನೇ ಊರಿನದ್ದಾ ನೋಡಿ, ಟೊರಾಂಟೋಗೆ ಹೋಗೋರ ಟ್ಯಾಗ್‌ನಲ್ಲಿ ದುಬೈನ ಡಿಎಕ್ಸ್‌ಬಿ ಮಾತ್ರ ಇದ್ರೆ ಬ್ಯಾಗ್ ದುಬೈನಲ್ಲೇ ಕೂತಿರತ್ತೆ. ನಿಮಗೆ ಕೊಡೋ ಚಿಕ್ಕ ಸ್ಟಿಕ್ಕರ್ ಪಾಸ್‌ಪೋರ್ಟ್ ಹಿಂದೆ ಅಂಟಿಸ್ತಾರೆ, ಕಿತ್ತು ಬಿಸಾಕ್ಬೇಡಿ. ಟ್ಯಾಗ್ ಜೊತೆ ಬ್ಯಾಗಿನ ಒಂದು ಫೋಟೋ ಹೊಡ್ಕೊಳ್ಳಿ.

ವಿಮಾನದಲ್ಲಿ

ಸೀಟು ಆರಿಸೋ ಅವಕಾಶ ಇದ್ರೆ ಮುಂದಿನ ಭಾಗದಲ್ಲಿ ತಗೊಳ್ಳಿ, ಹಿಂದೆ ಕೂತ್ರೆ ಇಳಿಯೋಕೇ ಇಪ್ಪತ್ತು ನಿಮಿಷ. ಫೋನ್ ಗಡಿಯಾರ ಇಳಿಯೋ ಊರಿನ ಟೈಮಿಗೆ ಬದಲಾಯಿತಾ ನೋಡಿ, ಬೋರ್ಡಿಂಗ್ ಪಾಸ್ ಮೇಲೆ ಇರೋದೆಲ್ಲ ಆಯಾ ಊರಿನ ಟೈಮು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ದೋಹಾ ಇಸ್ತಾಂಬುಲ್ ಎರಡೂವರೆ ಹಿಂದೆ, ಸಿಂಗಪುರ ಎರಡೂವರೆ ಮುಂದೆ, ಜರ್ಮನಿ ಬೇಸಿಗೆಯಲ್ಲಿ ಮೂರೂವರೆ ಚಳಿಗಾಲದಲ್ಲಿ ನಾಲ್ಕೂವರೆ ಹಿಂದೆ. ಕೈಗಡಿಯಾರ ಕಟ್ಟೋ ಹಿರಿಯರಿಗೆ ಇದನ್ನ ಕೂರಿಸ್ಕೊಂಡು ಹೇಳಿ, ಸಿಂಗಪುರದಲ್ಲಿ ನಮ್ಮ ಟೈಮ್ ನೋಡ್ಕೊಂಡು ಇನ್ನೂ ಹೊತ್ತಿದೆ ಅಂತ ಕೂತ್ರೆ ಗೇಟ್ ಮುಚ್ಚಿರತ್ತೆ.

ವಿಮಾನ ಲೇಟಾಗಿದ್ರೆ, ಕನೆಕ್ಷನ್ ಟೈಟ್ ಇದ್ರೆ, ಇಳಿಯೋ ಒಂದು ಗಂಟೆ ಮುಂಚೆ ಏರ್‌ಹೋಸ್ಟೆಸ್‌ಗೆ ಬೋರ್ಡಿಂಗ್ ಪಾಸ್ ತೋರಿಸಿ ಹೇಳಿ. ಒಂದೊಂದು ಸಲ ಮುಂದೆ ಕೂರಿಸ್ತಾರೆ, ಒಂದೊಂದು ಸಲ ಬಾಗಿಲ ಹತ್ರಾನೇ ಯಾರೋ ಬೋರ್ಡ್ ಹಿಡಿದು ನಿಂತಿರ್ತಾರೆ. ಮತ್ತೆ ಇಳಿಯೋ ಮುಂಚೆ ವಿಮಾನದಲ್ಲೇ ಟಾಯ್ಲೆಟ್‌ಗೆ ಹೋಗಿ ಬಂದುಬಿಡಿ, ಕೇಳೋಕೆ ಸಣ್ಣ ವಿಷ್ಯ, ಹತ್ತು ನಿಮಿಷ ಉಳಿಯತ್ತೆ.

ಇಳಿದ ಮೇಲೆ

ಇಲ್ಲಿ ಒಂದೇ ನಿಯಮ, ಜನ ಹೋದ ಕಡೆ ಹೋಗ್ಬೇಡಿ, ಬೋರ್ಡ್ ಹೇಳಿದ ಕಡೆ ಹೋಗಿ. ಜೊತೆಗೆ ಇಳಿದೋರಲ್ಲಿ ಅರ್ಧ ಜನಕ್ಕೆ ಅದೇ ಕೊನೇ ಊರು, ಅವರು ಅರೈವಲ್ಸ್, ಬ್ಯಾಗೇಜ್, ಎಕ್ಸಿಟ್ ಕಡೆ ಹೋಗ್ತಾರೆ. ನಿಮಗೆ ಬೇಕಾಗಿರೋದು ಟ್ರಾನ್ಸ್‌ಫರ್ಸ್, ಟ್ರಾನ್ಸಿಟ್ ಅಥವಾ ಕನೆಕ್ಷನ್ಸ್ ಅಂತ ಇರೋದು. ಹೀಥ್ರೂನಲ್ಲಿ ಅದು ನೇರಳೆ ಬಣ್ಣದ ಬೋರ್ಡು, ನೇರಳೆ ಹಿಡ್ಕೊಂಡು ಹೋದ್ರೆ ಸಾಕು. ಮನೆಯಲ್ಲಿ ಅಮ್ಮನಿಗೆ ಹೇಳಿಕೊಡೋವಾಗ, ಅಮ್ಮ, ಎಕ್ಸಿಟ್ ಅಂತ ಇರೋ ಬಾಗಿಲು ಮಾತ್ರ ದಾಟ್ಬೇಡ, ಬಾಕಿ ಎಲ್ಲಿ ಹೋದ್ರೂ ಸರಿ ಮಾಡ್ಕೋಬಹುದು ಅಂತ ಹೇಳಿ, ಉಳಿದದ್ದು ಮರೆತ್ರೂ ಇದೊಂದು ತಲೇಲಿ ಉಳಿಯತ್ತೆ.

ಆಮೇಲೆ ಸಾಮಾನ್ಯವಾಗಿ ಸೆಕ್ಯೂರಿಟಿ. ಬೆಲ್ಟು, ಬಳೆ, ಫೋನು, ಲ್ಯಾಪ್‌ಟಾಪ್ ಟ್ರೇಯಲ್ಲಿ, ನೀರಿನ ಬಾಟ್ಲಿ ಖಾಲಿ ಮಾಡಿಟ್ಕೊಂಡಿರಿ, ಆ ಕಡೆ ತುಂಬಿಸ್ಕೊಂಡ್ರಾಯ್ತು. ಸಿಂಗಪುರದಲ್ಲಿ ಟರ್ಮಿನಲ್ 1, 2, 3ರಲ್ಲಿ ಈ ಚೆಕ್ಕಿಂಗ್ ಗೇಟ್ ಹತ್ರಾನೇ ಇರೋದು, ಅಲ್ಲಿ ಗೇಟಿಗೆ ಸ್ವಲ್ಪ ಬೇಗ ಹೋಗ್ಬೇಕು.

ಸೆಕ್ಯೂರಿಟಿ ದಾಟಿದ ತಕ್ಷಣ ಕಾಣೋದು ಡ್ಯೂಟಿಫ್ರೀ ಅಂಗಡಿ, ಬೆಳಕು, ಸೆಂಟಿನ ವಾಸನೆ, ಚಾಕ್ಲೇಟ್ ಗುಡ್ಡೆ. ಎಲ್ಲಾ ಆಮೇಲೆ. ಮೊದಲು ಡಿಪಾರ್ಚರ್ಸ್ ಸ್ಕ್ರೀನ್ ಹುಡುಕಿ, ಊರ ಹೆಸರಲ್ಲ ಫ್ಲೈಟ್ ನಂಬರ್ ಹುಡುಕಿ, ಯಾಕಂದ್ರೆ ಲಂಡನ್‌ಗೆ ಅರ್ಧ ಗಂಟೆ ಅಂತರದಲ್ಲಿ ಎರಡು ಫ್ಲೈಟ್ ಇರ್ಬಹುದು, ಒಂದೇ ವಿಮಾನಕ್ಕೆ ಎರಡು ಮೂರು ಏರ್‌ಲೈನ್ ನಂಬರೂ ತಿರುಗ್ತಾ ಇರ್ಬಹುದು. ಮುಂಬೈನಲ್ಲಿ ಕೊಟ್ಟ ಬೋರ್ಡಿಂಗ್ ಪಾಸ್ ಮೇಲಿನ ಗೇಟ್ ನಂಬರ್ ನಂಬ್ಬೇಡಿ, ಅದು ಬದಲಾಗತ್ತೆ, ಸ್ಕ್ರೀನ್ ಮೇಲೆ ಇರೋದೇ ಸತ್ಯ. ಸ್ಕ್ರೀನ್‌ನಲ್ಲಿ ಗೇಟ್ ಇನ್ನೂ ಬಂದಿಲ್ಲ ಅಂದ್ರೆ ಅಲ್ಲೇ ಹತ್ರ ಕೂತು ಆಗಾಗ ನೋಡ್ತಿರಿ. ಗೇಟ್ ಬಂದ್ಮೇಲೆ ಒಂದು ಸಲ ಗೇಟಿನ ತನಕ ನಡೆದು, ಎಷ್ಟು ದೂರ ಅಂತ ಗೊತ್ತು ಮಾಡ್ಕೊಂಡು, ಆಮೇಲೆ ಕಾಫಿ ಕುಡೀರಿ, ಅಂಗಡಿ ನೋಡಿ. ಈಗ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಹೆಸರು ಕೂಗಿ ಕರೆಯೋದು ಕಡಿಮೆ ಆಗಿದೆ, ನಮ್ಮ ಮುಂಬೈ ಟಿ2ನೇ ಸೈಲೆಂಟ್ ಏರ್‌ಪೋರ್ಟ್, ಯಾರೋ ಕರೀತಾರೆ ಅಂತ ಕೂರೋ ಕಾಲ ಹೋಯ್ತು.

ಟಿಕೆಟ್ ಮೇಲಿನ ಟೈಮ್ ವಿಮಾನ ಬಿಡೋ ಟೈಮ್, ಗೇಟ್ ಮುಚ್ಚೋ ಟೈಮಲ್ಲ. ಗೇಟ್ ಸಾಮಾನ್ಯವಾಗಿ 15ರಿಂದ 20 ನಿಮಿಷ ಮುಂಚೆ ಮುಚ್ಚತ್ತೆ, ಮುಚ್ಚಿದ್ಮೇಲೆ ಕೈ ಮುಗಿದ್ರೂ ತೆಗೆಯಲ್ಲ. ಬೋರ್ಡಿಂಗ್ ಶುರು ಆಗೋದು 45 ನಿಮಿಷ, ದೊಡ್ಡ ವಿಮಾನ ಆದ್ರೆ ಒಂದು ಗಂಟೆ ಮುಂಚೆ. ಅಮೆರಿಕ ಫ್ಲೈಟ್‌ಗೆ ಗೇಟ್ ಹತ್ರ ಇನ್ನೊಂದು ಸುತ್ತು ಪ್ರಶ್ನೆ, ಬ್ಯಾಗ್ ತಪಾಸಣೆ ಇರ್ಬಹುದು, ಇನ್ನೂ ಬೇಗ ಹೋಗಿ.

ನಮ್ಮವರು ಜಾಸ್ತಿ ಹೋಗೋ ಕೆಲವು ಕಡೆ ಹೇಗಿದೆ ಅಂತ ಹೇಳ್ತೀನಿ. ದುಬೈನಲ್ಲಿ ಎಮಿರೇಟ್ಸ್ ಟರ್ಮಿನಲ್ 3, ಗೇಟುಗಳು ಎ, ಬಿ, ಸಿ ಅಂತ. ಎ ಮತ್ತೆ ಬಿ ನಡುವೆ ಟ್ರೈನ್ ಇದೆ, ಬಿಯಿಂದ ಸಿಗೆ ನಡ್ಕೊಂಡು ಹೋಗ್ಬಹುದು, ಒಟ್ಟು ಅರ್ಧ ಗಂಟೆ ಹಿಡಿಯತ್ತೆ ಅಂತ ಇಟ್ಕೊಳ್ಳಿ. ಫ್ಲೈದುಬೈ ಆದ್ರೆ ಟರ್ಮಿನಲ್ 2 ಇರ್ಬಹುದು, ಅದು ರನ್‌ವೇಯ ಆಚೆ ಕಡೆ, ಬಸ್ಸಲ್ಲಿ ಹೋಗ್ಬೇಕು, ಅಂಥ ಟಿಕೆಟ್‌ಗೆ ಟೈಮ್ ಜಾಸ್ತಿ ಇಡಿ. ದೋಹಾ ಒಂದೇ ಕಟ್ಟಡ, ಮಧ್ಯದಲ್ಲಿ ದೀಪ ತಲೆ ಮೇಲಿಟ್ಕೊಂಡ ದೊಡ್ಡ ಹಳದಿ ಕರಡಿ ಗೊಂಬೆ ಇದೆ, ಅಪ್ಪ ಅಮ್ಮ ಬೇರೆ ಬೇರೆ ಆದ್ರೆ ಕರಡಿ ಹತ್ರ ಬಾ ಅಂದ್ರೆ ಸಾಕು, ಎಲ್ಲರಿಗೂ ಗೊತ್ತು. ಮೊದಲ ಸಲ ಹೋಗೋರಿಗೆ ನನ್ನ ಮೊದಲ ಆಯ್ಕೆ ಇದೇ. ಇಸ್ತಾಂಬುಲ್ ಹೊಸ ಏರ್‌ಪೋರ್ಟೂ ಒಂದೇ ಕಟ್ಟಡ, ಆದ್ರೆ ನಡೆದು ನಡೆದು ಸುಸ್ತಾಗೋ ಅಷ್ಟು ದೊಡ್ಡದು. ಸಿಂಗಪುರದಲ್ಲಿ ಮೊದಲ ಮೂರು ಟರ್ಮಿನಲ್‌ಗೆ ಸ್ಕೈಟ್ರೈನ್, ನಾಲ್ಕನೇದಕ್ಕೆ ಬಸ್ಸು. ಅಬುಧಾಬಿಯಲ್ಲಿ 2023ರ ನವೆಂಬರ್‌ನಲ್ಲಿ ಹೊಸ ಟರ್ಮಿನಲ್ ಎ ಶುರುವಾಗಿದೆ, ಅಲ್ಲಿಂದ ಅಮೆರಿಕಕ್ಕೆ ಹೋಗೋರಿಗೆ ಒಂದು ವಿಶೇಷ ಇದೆ, ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಮುಗಿಸ್ತಾರೆ, ನ್ಯೂಯಾರ್ಕ್‌ನಲ್ಲಿ ಇಳಿದ್ಮೇಲೆ ಡೊಮೆಸ್ಟಿಕ್ ಥರ ನೇರ ಹೊರಗೆ. ಆದ್ರೆ ಅದಕ್ಕೆ ಅಬುಧಾಬಿಯಲ್ಲಿ ಮೂರು ಗಂಟೆಯಾದ್ರೂ ಇರ್ಲಿ.

ಅಬುಧಾಬಿ ಥರದ ಕಡೆ ಇಮಿಗ್ರೇಷನ್ ಮುಗಿಸ್ಕೊಳ್ಳದೆ ಅಮೆರಿಕ ಒಳಗೇ ಬದಲಾಯಿಸೋರಿಗೆ ನಿಯಮ ಉಲ್ಟಾ. ಮೊದಲು ಇಳಿದ ಊರಲ್ಲಿ ಇಮಿಗ್ರೇಷನ್, ಆಮೇಲೆ ಬೆಲ್ಟ್‌ನಿಂದ ಬ್ಯಾಗ್ ಎತ್ಕೊಂಡು ಕಸ್ಟಮ್ಸ್ ದಾಟಿ, ಅಲ್ಲೇ ಹೊರಗೆ ಇರೋ ಬ್ಯಾಗೇಜ್ ಡ್ರಾಪ್‌ನಲ್ಲಿ ಮತ್ತೆ ಕೊಟ್ಟು, ಮತ್ತೆ ಸೆಕ್ಯೂರಿಟಿ ದಾಟಿ ಮುಂದಿನ ಗೇಟಿಗೆ. ಟ್ಯಾಗ್‌ನಲ್ಲಿ ಕೊನೇ ಊರಿದ್ರೂ ಸಾಮಾನ್ಯವಾಗಿ ಹೀಗೇ. ಮೂರು ಗಂಟೆಗಿಂತ ಕಡಿಮೆ ಬುಕ್ ಮಾಡ್ಬೇಡಿ. ಉಪ್ಪಿನಕಾಯಿ ಚಟ್ನಿಪುಡಿ ಇದ್ರೆ ಕಸ್ಟಮ್ಸ್‌ನಲ್ಲಿ ಕೇಳಿದಾಗ ಇದೆ ಅಂತಾನೇ ಹೇಳಿ, ಇಲ್ಲ ಅಂದು ಸಿಕ್ಕಿಬಿದ್ರೆ ದಂಡ.

ಲೇಟಾದ್ರೆ, ತಪ್ಪಿದ್ರೆ

ಓಡೋ ಮುಂಚೆ ಸ್ಕ್ರೀನ್ ನೋಡಿ, ಮುಂದಿನದ್ದೂ ಲೇಟ್ ಇರ್ಬಹುದು. ನಿಜಕ್ಕೂ ತಪ್ಪಿತು ಅಂದ್ರೆ ಹೊರಗೆ ಹೋಗ್ಬೇಡಿ, ಒಳಗೇ ಇರೋ ಆ ಏರ್‌ಲೈನ್‌ನ ಟ್ರಾನ್ಸ್‌ಫರ್ ಡೆಸ್ಕ್‌ಗೆ ಹೋಗಿ. ಕ್ಯೂನಲ್ಲಿ ನಿಂತಿರೋವಾಗಲೇ ಇನ್ನೊಬ್ಬರು ಏರ್‌ಲೈನ್ ಆ್ಯಪ್ ತೆಗೆದು ನೋಡಿ, ಬಹಳ ಸಲ ನೀವು ಇಳಿಯೋ ಮುಂಚೆನೇ ಮುಂದಿನ ಫ್ಲೈಟ್‌ಗೆ ಹಾಕಿರ್ತಾರೆ. ಊರಲ್ಲಿರೋ ಮಗನೋ ಮಗಳೋ ಪಿಎನ್‌ಆರ್ ಇಟ್ಕೊಂಡು ಕಾಲ್ ಸೆಂಟರ್‌ಗೆ ಫೋನ್ ಮಾಡಿದ್ರೆ ಕ್ಯೂಗಿಂತ ಬೇಗ ಕೆಲಸ ಆಗೋದೂ ಉಂಟು. ಊಟದ ಕೂಪನ್, ರಾತ್ರಿ ಆದ್ರೆ ಹೋಟೆಲ್, ಕೇಳಿ ತಗೊಳ್ಳಿ, ತಾವಾಗೇ ಕೊಡೋದು ಕಡಿಮೆ. ಹೋಟೆಲ್‌ಗೆ ಹೊರಗೆ ಹೋಗ್ಬೇಕಾದ್ರೆ ವೀಸಾ ವ್ಯವಸ್ಥೆ ಏನು ಅಂತಾನೂ ಅಲ್ಲೇ ಕೇಳಿ. ಹೊಸ ಬೋರ್ಡಿಂಗ್ ಪಾಸ್ ಕೊಟ್ಟಾಗ ಬ್ಯಾಗೂ ಇದೇ ಫ್ಲೈಟ್‌ಗೆ ಬರತ್ತಾ ಅಂತ ಕೇಳಿ, ಸ್ಟಿಕ್ಕರ್ ತೋರಿಸಿ.

ಯುರೋಪಿಯನ್ ಯೂನಿಯನ್ (ಇಯು) ದೇಶದಿಂದ ಹೊರಡೋ ಫ್ಲೈಟ್, ಅಥವಾ ಇಯು ಏರ್‌ಲೈನ್‌ನಲ್ಲಿ ಇಯುಗೆ ಹೋಗೋ ಫ್ಲೈಟ್ ಆದ್ರೆ ಅಲ್ಲಿ 261/2004 ಅಂತ ಕಾನೂನಿದೆ. ಒಂದೇ ಬುಕಿಂಗ್‌ನಲ್ಲಿ ಕೊನೇ ಊರಿಗೆ ಮೂರು ಗಂಟೆಗಿಂತ ಜಾಸ್ತಿ ಲೇಟಾಗಿ ತಲುಪಿದ್ರೆ, ತಪ್ಪು ಏರ್‌ಲೈನ್‌ದೇ ಆದ್ರೆ, ದೂರದ ಪ್ರಕಾರ 600 ಯೂರೋ ತನಕ ಪರಿಹಾರ ಕೇಳ್ಬಹುದು. ಹವಾಮಾನ ಕೆಟ್ಟು ಲೇಟಾಗಿದ್ರೆ ದುಡ್ಡಿಲ್ಲ, ಊಟ ಹೋಟೆಲ್ ಮಾತ್ರ. ಬೋರ್ಡಿಂಗ್ ಪಾಸ್ ತುಂಡುಗಳು, ರಸೀದಿಗಳು ಬಿಸಾಕದೆ ಇಟ್ಕೊಂಡಿರಿ.

ನೀವು ತಲುಪಿ ಬ್ಯಾಗ್ ತಲುಪಲಿಲ್ಲ ಅಂದ್ರೆ ಬೆಲ್ಟ್ ಹತ್ರದ ಕೌಂಟರ್‌ನಲ್ಲಿ ಪಿಐಆರ್ ಅನ್ನೋ, ಬ್ಯಾಗ್ ಸಿಗಲಿಲ್ಲ ಅನ್ನೋದರ ರಿಪೋರ್ಟ್ ಬರೆಸದೆ ಹೊರಗೆ ಬರ್ಬೇಡಿ. ಬ್ಯಾಗ್ ಹರಿದು ಒಡೆದು ಬಂದಿದ್ರೆ ಏಳು ದಿನದೊಳಗೆ, ತಡವಾಗಿ ಸಿಕ್ಕಿದ್ರೆ ಸಿಕ್ಕಿದ ದಿನದಿಂದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡ್ಬೇಕು, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ವಾಪಸ್ ಬರೋವಾಗ

ಇಲ್ಲಿ ಮಂಗಳೂರು, ಬೆಳಗಾವಿ, ಹುಬ್ಬಳ್ಳಿ, ಗೋವಾಗೆ ಮುಂದೆ ಹೋಗೋರು ಎಡವೋದು. ಹೊರದೇಶದಿಂದ ಬಂದು ಮುಂಬೈನಲ್ಲಿ ಇಳಿದ್ರೆ ಇಮಿಗ್ರೇಷನ್, ಬ್ಯಾಗ್, ಕಸ್ಟಮ್ಸ್ ಎಲ್ಲ ಸಾಮಾನ್ಯವಾಗಿ ಮುಂಬೈನಲ್ಲೇ, ಟ್ಯಾಗ್‌ನಲ್ಲಿ ಮಂಗಳೂರು ಅಂತ ಇದ್ರೂ ಬ್ಯಾಗ್ ಎತ್ಕೊಳ್ಬೇಕಾ ಅಂತ ಹತ್ತೋ ಊರಿನ ಕೌಂಟರ್‌ನಲ್ಲೇ ಕೇಳ್ಕೊಂಡು ಬನ್ನಿ. ಕಸ್ಟಮ್ಸ್ ದಾಟಿದ್ಮೇಲೆ ಟ್ರಾನ್ಸ್‌ಫರ್ ಕೌಂಟರ್‌ನಲ್ಲಿ ಮತ್ತೆ ಕೊಡೋದು. ಮುಂದಿನ ಫ್ಲೈಟ್ ಟಿ2ನಾ ಟಿ1ನಾ ಅಂತ ಟಿಕೆಟ್‌ನಲ್ಲಿ ನೋಡಿ. ಟಿ1 ಇರೋದು ಸಾಂತಾಕ್ರೂಜ್ ಕಡೆ, ರಸ್ತೆ ಮೇಲೆ ಹೋಗ್ಬೇಕು, ಎರಡರ ನಡುವೆ ಓಡಾಡೋ ಬಸ್ಸು ಇದೆ, ಮುಂದಿನ ಟಿಕೆಟ್ ತೋರಿಸ್ಬೇಕು. ಮಳೆಗಾಲದಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಗೊತ್ತಲ್ಲ, ಜುಲೈ ಆಗಸ್ಟ್‌ನಲ್ಲಿ ಬರೋರು ಇಂಥ ಕನೆಕ್ಷನ್‌ಗೆ ನಾಲ್ಕು ಗಂಟೆ ಇಟ್ಕೊಳ್ಳಿ.